ಹಲಗೆಯಂಚಿನ ಹಕ್ಕರಿಕೆ

ಪಾವಗಡದ ಬಡಗಲಿಗೆ, ತಂತಿಬೇಲಿಯ ಒಳಗೆ
ಕಣ್ಣು ಹಾಯುವಷ್ಟೂ ನೀಲಿ ಗಾಜು.
ಟ್ಯಾಂಕರು ಬಂದ ದಿನ ಹಲಗೆಗಳಿಗೆ ಸ್ನಾನ;
ತೊಳೆದ ನೀರು ಕೆಳಂಚಿನಿಂದ ತೊಟ್ಟಿಕ್ಕಿ
ನೆಲದಲ್ಲಿ ಗೇಣಗಲದ ಗೆರೆ ಎಳೆಯುತ್ತದೆ.
ಆ ಗೆರೆಯ ಮೇಲೆ ಹಕ್ಕರಿಕೆ.

ಯಾರೂ ಬಿತ್ತಿದ್ದಲ್ಲ.
ಮೊದಲು ಕಡಲೆಕಾಯಿ ಹೊಲದ ಬದುವಿನಲ್ಲಿತ್ತು,
ಹಳ್ಳದ ಮರಳಲ್ಲಿ, ಕಪಿಲೆ ಎತ್ತುಗಳ ಜಾಡಿನಲ್ಲಿ.
ಕಪಿಲೆ ಯಾವತ್ತೋ ಹೋಯಿತು, ಆಮೇಲೆ ಬದುವೂ;
ಇದು ಮಾತ್ರ ವಿಳಾಸ ಬದಲಿಸಿ ಬಂದು ಕೂತಿದೆ
ಹಲ್ಲುಹಲ್ಲಿನ ಎಲೆಗಳನ್ನು ನೆಲಕ್ಕೆ ಅವುಚಿಕೊಂಡು,
ಕಾವಲಿನವನ ಟಾರ್ಚಿಗೆ ತಪ್ಪಿಸಿಕೊಂಡವರ ಹಾಗೆ.

ಅದನ್ನು ಕೀಳುವುದಕ್ಕೇ ನಮಗೆ ಕೂಲಿ.
ಕಳೆ, ಇಷ್ಟು ಸಾಲು, ಎಂದು ಬರೆದುಕೊಳ್ಳುತ್ತಾನೆ
ಮೇಸ್ತ್ರಿ ಪೋತಲಯ್ಯ.
ಓಬಳಕ್ಕನಿಗೆ ಅಕ್ಷರ ಬಾರದು.
ಕುಡುಗೋಲಿನ ಮೂತಿಯಿಂದ ಬುಡ ಎಬ್ಬಿಸಿ
ಮುರಿದಲ್ಲಿ ಹಾಲು ಜಿನುಗುವುದು ನೋಡಿ
"ಇದು ಸೊಪ್ಪು" ಎಂದು ಮಡಿಲಿಗೆ,
"ಇದು ಕಳೆ" ಎಂದು ಗುಡ್ಡೆಗೆ.
ಎರಡೂ ಒಂದೇ ಗಿಡ. ಎಂಟು ದಿನದ ಅಂತರ, ಅಷ್ಟೇ.
"ಹಳದಿ ಹೂ ಬಿಡ್ತೋ, ಕಹಿ ತಲೆಗೇರ್ತದೆ ಕಣೇ.
ಅಣ್ಣೆ, ಗೋಣಿ, ತಡಗುಣಿ ಕುಡಿ, ಎಲ್ಲಾ ಒಳ್ಳೆಯವೇ,
ಆದರೆ ಬೆರಕೆಯೊಳಗೆ ಜಗಳಗಂಟಿ ಒಬ್ಬಳು ಬೇಕು.
ಇಲ್ದಿದ್ರೆ ಬಸ್ಸಾರು ಮುದ್ದೆಯ ಹತ್ರ ಮಾತೇ ಆಡಲ್ಲ."

ಶುಕ್ರವಾರ ನೀಲಿ ಡ್ರಮ್ಮು ಬಂತು.
ಇನ್ನು ಔಷಧಿ ಹೊಡೀತಾರಂತೆ, ಕೀಳೋರು ನಾಲ್ಕೇ ಜನ ಸಾಕಂತೆ.
ನಾವು ಲೆಕ್ಕ ಕೇಳಿದೆವು, ಬಾಕಿ ಕೇಳಿದೆವು.
ಓಬಳಕ್ಕ ಕೇಳಿದ್ದು ಒಂದೇ:
"ಯಾವ ಸಾಲಿಗೆ ಹೊಡೆದೆ, ಪೋತಲಯ್ಯ?"
ಅವನು ತಲೆ ಕೆರೆದ. ಡ್ರಮ್ಮಿನ ಕಡೆ ನೋಡಿದ.
ಅವನ ಮನೆಯಲ್ಲೂ ಸಂಜೆ ಬಸಿಯುವುದು
ಇದೇ ಸೊಪ್ಪು.

ಈಗ ಕೆಲವು ಸಾಲುಗಳ ಕಬ್ಬಿಣದ ಕಾಲಿಗೆ
ನಂಬರಿನ ಕೆಳಗೆ, ಸುಣ್ಣದ ಒಂದು ಬೊಟ್ಟು.
ಇಂಜಿನಿಯರು ಅದನ್ನು ಹಕ್ಕಿ ಹಿಕ್ಕೆ ಎಂದುಕೊಂಡಿದ್ದಾನೆ.
ಬೊಟ್ಟಿದ್ದಲ್ಲಿ ಮಾತ್ರ ಕೀಳಬೇಕು, ಮೂರರಲ್ಲಿ ಒಂದು ಬಿಡಬೇಕು;
ಹೇಳಿದವರು ಯಾರು ಎಂದು ಯಾರೂ ಕೇಳಿಲ್ಲ.

ಬಿಟ್ಟದ್ದು ಹಣ್ಣಾಗಿ ಬಿಳಿ ನಾರಿನ ಬೀಜ ಹಾರುತ್ತದೆ,
ಒದ್ದೆ ಗಾಜಿಗೆ ಅಂಟುತ್ತದೆ.
ತೊಳೆಯುವ ಹುಡುಗ ಬೈಯುತ್ತಾ ಒರೆಸುತ್ತಾನೆ,
ಒರೆಸಿದ್ದು ನೀರಿನ ಜೊತೆ ಗೆರೆಗೆ ಇಳಿಯುತ್ತದೆ.

ನನ್ನ ಉಗುರಿಗೆ ಹಿಡಿದ ಹಾಲಿನ ಕಂದು
ಸೋಪಿಗೆ ಹೋಗಲಿಲ್ಲ.
ಮುದ್ದೆ ಮುರಿಯುವಾಗ ಬೆರಳೂ ಸ್ವಲ್ಪ ಕಹಿ.