ರಸಮಟ್ಟ

ನಲವತ್ತು ವರ್ಷ ಟೈಲ್ಸ್ ಕೂರಿಸಿದ ಕೈ ಡ್ವೇನನದು.
ಕುಣಿಯಲಾರದವರಿಗೆ ನೆಲ ಡೊಂಕು ಅನ್ನುತ್ತಾರೆ;
ಇವನು ಜನ್ಮದಲ್ಲಿ ಕುಣಿದವನಲ್ಲ,
ಆದರೂ ನೆಲ ಡೊಂಕಾದರೆ ತುತ್ತು ಇಳಿಯದು.

ಇದ್ದ ಮನೆ ಮಾರಿ ಈ ಮೋಟಾರು ಮನೆ ಕೊಂಡಾಗಿನಿಂದ
ಎಲ್ಲಿ ನಿಂತರೂ ಮೊದಲು ಇಳಿಯುವುದು
ಇವನ ಹಳದಿ ರಸಮಟ್ಟ, ಆಮೇಲೆ ಇವನು.
ನಾಲ್ಕು ಮೂಲೆಗೆ ನಾಲ್ಕು ಜಾಕು.
ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ
ತೊಟ್ಟಿಲ ಕೂಸಿನಂತೆ ಮಲಗುವ ತನಕ
ನನಗೆ ಒಲೆ ಹಚ್ಚಲು ಅಪ್ಪಣೆಯಿಲ್ಲ.

ಆಮೇಲೆ ಗುಂಡಿ ಒತ್ತುತ್ತೇನೆ:
ಗೋಡೆಯೊಂದು ನರಳಿ ಹೊರಕ್ಕೆ ಜಾರುತ್ತದೆ,
ಮಂಚ, ಕಪಾಟು, ಕಿಟಕಿ ಸಮೇತ, ಮೂರಡಿ.
ಗಾಡಿ ಮನೆಯಾಗುವುದು ಆ ಮೂರಡಿಯಲ್ಲಿ.
ಅದರ ನೆತ್ತಿಗೊಂದು ಬಟ್ಟೆಯ ಮೇಲುಹಾಸು
ಸುರುಳಿ ಬಿಚ್ಚಿ ಬಿಗಿಯಾಗಿ ಚಾಚಿಕೊಳ್ಳುತ್ತದೆ.
ಬಿಗಿ ಅನ್ನುವುದು ಅಂಗಡಿಯವನ ಮಾತು.

ಆರಿಗನ್ ಕರಾವಳಿಯ ನವೆಂಬರಿಗೆ ಆ ಮಾತು ಗೊತ್ತಿಲ್ಲ.
ಇಲ್ಲಿ ಮಳೆ ಬರುವುದಿಲ್ಲ, ಇರುತ್ತದೆ.
ಸ್ಪ್ರೂಸ್ ಮರಗಳು ತಮ್ಮ ಪಾಲು ಕುಡಿದು
ಮಿಕ್ಕಿದ್ದನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೊಡವುತ್ತವೆ.
ಮೇಲುಹಾಸು ಮೊದಲ ದಿನ ಬಟ್ಟಲು,
ಎರಡನೆಯ ದಿನ ಬೋಗುಣಿ,
ಮೂರನೆಯ ದಿನ ತುಂಬು ಬಸುರಿ.
ಕಡಲಹಕ್ಕಿಯೊಂದು ಬಂದು ಅದರಲ್ಲಿ ಮಿಂದು ಹೋಯಿತು,
ಸರಿಯಾಗಿ ನಮ್ಮ ಹಾಸಿಗೆಯ ಮೇಲೆ.
ರೆಕ್ಕೆ ಬಡಿದ ಸದ್ದಿಗೆ ಡ್ವೇನ್
“ನಲ್ಲಿ ನಿಲ್ಲಿಸಲಿಲ್ವಾ, ಒರ್ಲಾ?” ಅಂದ.

ಪಕ್ಕದ ಗಾಡಿಯ ಹಲ್ವರ್, ಏಡಿ ಹಿಡಿಯುವವನು, ಉಪಾಯ ಹೇಳಿದ:
ಮಕ್ಕಳ ಗಾಳಿಚೆಂಡು ಬಟ್ಟೆಯಡಿ ತುರುಕಿ,
ನಡು ಗೂನಾದರೆ ನೀರು ಎರಡು ಕಡೆ ಜಾರುತ್ತೆ.
ತುರುಕಿದೆವು. ಕೆಂಪು ಬಿಳಿ ಪಟ್ಟೆಯ ಚೆಂಡು.
ರಾತ್ರಿಯ ಗಾಳಿ ಅದನ್ನು ಕಿತ್ತೊಯ್ದಿತ್ತು;
ಬೆಳಿಗ್ಗೆ ಶೌಚಾಲಯದ ಬಾಗಿಲಲ್ಲಿ
ಸರದಿಗೆ ಕಾಯುತ್ತಾ ಕೂತಿತ್ತು.
ಈಜು ಕಲಿಯುವವರ ಸ್ಪಂಜಿನ ದಿಂಡು ತಂದೆವು,
ಪ್ಲಾಸ್ಟಿಕ್ ಪೈಪನ್ನು ಬಿಲ್ಲಿನಂತೆ ಬಾಗಿಸಿದೆವು,
ಬಿಲ್ಲು ಸಿಡಿದು ಇವನ ಕನ್ನಡಕ ಹೋಯಿತು.
“ಏನು ಬೇಕಾದರೂ ಮಾಡು, ಜಾಕು ಮುಟ್ಟಬೇಡ.”

ನಾನು ಶಾಲೆಯ ಬಸ್ಸು ಓಡಿಸಿದವಳು.
ನೀರು ಎಲ್ಲಿ ನಿಲ್ಲುತ್ತದೆಂದು ಸ್ಟೇರಿಂಗ್ ಹಿಡಿದವರಿಗೆ ಗೊತ್ತು:
ತಗ್ಗಿನಲ್ಲಿ, ಮತ್ತೆ
ತೀರಾ ಸಪಾಟಾದಲ್ಲಿ.
ಹೇಳಿದೆ. ಗುಳ್ಳೆ ತೋರಿಸಿದ.

ಹೊರಡುವ ಬೆಳಿಗ್ಗೆ ನಾನೇ ಮರೆತೆ.
ಏಣಿ ಹತ್ತಿ ಪೊರಕೆಯಿಂದ ನೀರು ಗುಡಿಸದೆ
ಗುಂಡಿ ಒತ್ತಿದೆ.
ಗೋಡೆ ಒಳಗೆ ಬಂತು, ತನ್ನ ಕೆರೆಯ ಸಮೇತ.
ನಾಲ್ಕು ದಿನದ ಮಳೆ, ಸ್ಪ್ರೂಸಿನ ಸೂಜಿಗಳು, ಹಕ್ಕಿಯ ಒಂದು ಗರಿ,
ಎಲ್ಲ ದಿಂಬಿನ ಮೇಲೆ.
ಅವನ ದಿಂಬು, ದೇವರು ದೊಡ್ಡವನು.

ಹೊರಡಲಿಲ್ಲ. ಗೋಡೆ ಮತ್ತೆ ಚಾಚಿ, ಹಾಸಿಗೆ ನಿಲ್ಲಿಸಿ ಒಣಗಲಿಟ್ಟು,
ಕುರ್ಚಿಗಳಲ್ಲಿ ಕಂಬಳಿ ಹೊದ್ದು ರಾತ್ರಿ ಕಳೆದೆವು.
ಅವನ ಗೊರಕೆ ಲಯಕ್ಕೆ ಬಂದ ಮೇಲೆ
ಚಪ್ಪಲಿ ಮೆಟ್ಟಿ ಮಳೆಗಿಳಿದೆ.
ಆ ಬದಿಯ ಹಿಂದಿನ ಜಾಕನ್ನು ಎರಡು ಬೆರಳು
ತಗ್ಗಿಸಿದೆ. ಅಷ್ಟೇ.
ಬಟ್ಟೆ ಒಂದು ಗಳಿಗೆ ಯೋಚಿಸಿತು,
ಆಮೇಲೆ ಮೂಲೆಯಿಂದ ಒಂದೇ ಎಳೆಯಾಗಿ
ನನ್ನ ಪಾದದ ಪಕ್ಕಕ್ಕೆ ನೀರು ಬಿಟ್ಟುಕೊಟ್ಟಿತು.

ಬೆಳಿಗ್ಗೆ ಮೇಜಿನ ಮೇಲಿಟ್ಟ ಮೊಟ್ಟೆ ನಡೆಯತೊಡಗಿತು.
ಅಂಚಿನಲ್ಲಿ ಹಿಡಿದ. ಮತ್ತೆ ಇಟ್ಟ, ಮತ್ತೆ ಹಿಡಿದ.
ನನ್ನ ಚಪ್ಪಲಿ ನೋಡಿದ, ಇನ್ನೂ ಒದ್ದೆ.
ಸೂರಿಗೆ ಕಿವಿಗೊಟ್ಟ: ಮಳೆ ಇತ್ತು,
ಕೆರೆ ಇರಲಿಲ್ಲ.

ರಸಮಟ್ಟ ತಂದು ಕಿಟಕಿಯ ದಂಡೆಗಿಟ್ಟ.
ಗುಳ್ಳೆ ಗೆರೆ ದಾಟಿ ಆಚೆ ನಿಂತಿತ್ತು.
ಅದು ನಿಂತಲ್ಲಿಗೆ, ಕಿವಿಯ ಮೇಲಿನ ಕೆಂಪು ಪೆನ್ಸಿಲಿನಿಂದ
ಹೊಸ ಗೆರೆ ಎಳೆಯಲು ಹೋದ. ಗಾಜು ಹಿಡಿಯಲಿಲ್ಲ.
ನನ್ನ ಉಗುರುಬಣ್ಣ ಕೇಳಿದ.

ಸೀಸೆ ಹುಡುಕುವುದು ಕಷ್ಟವಾಗಲಿಲ್ಲ.
ಈ ಮನೆಯಲ್ಲಿ ಕಳೆದದ್ದೆಲ್ಲ ಈಗ
ಒಂದೇ ಮೂಲೆಗೆ ಬಂದು ಸೇರಿರುತ್ತದೆ.