ಏಳನೆಯ ಸಾಲು

ಗುರುವಾರ ನಾಲ್ಕಕ್ಕೆ ವಿರ್ವೆ ಬರುತ್ತಾಳೆ
ಹಾಪ್ಸಲುವಿನ ಗ್ರಂಥಾಲಯಕ್ಕೆ,
ಬೂಟಿನ ಹಿಮ ಕೊಡವಿ, ಕನ್ನಡಕದ ಮಂಜು ಒರೆಸಿ,
ಪುಸ್ತಕಕ್ಕಲ್ಲ, ಮೂಲೆಯ ಕಂಪ್ಯೂಟರಿಗೆ.
ಕಾರ್ಡು ತೂರಿಸುವುದು ನಾನು,
ಗುಟ್ಟಿನ ಅಂಕಿ ಒತ್ತುವುದು ಅವಳು.
ಅಷ್ಟು ಹೊತ್ತು ನಾನು ಕಿಟಕಿಗೆ ತಿರುಗಿ
ಕತ್ತಲಲ್ಲಿ ಕೊಲ್ಲಿ ಇರುವ ಕಡೆ ನೋಡಬೇಕು.
ಆರು ವರ್ಷದಿಂದ ನಮ್ಮಿಬ್ಬರ ಕರಾರು ಇದು.
ಯಾರೂ ಬರೆದದ್ದಲ್ಲ.

ಮೊದಲು ಪಿಂಚಣಿ, ಆಮೇಲೆ ಔಷಧಿಯ ಚೀಟಿ,
ಕೊನೆಗೆ ಅವಳಿಗಿಷ್ಟವಾದ ಪುಟ:
ನನ್ನನ್ನು ಯಾರ್ಯಾರು ನೋಡಿದರು.
ಸರ್ಕಾರ ಅದಕ್ಕೆ ಬೇರೆ ಉದ್ದದ ಹೆಸರಿಟ್ಟಿದೆ.
ಇವಳು ಕರೆಯುವುದು ಹೀಗೆ.

ಜೀವಮಾನವೆಲ್ಲ ಶಾಲು ಹೆಣೆದವಳು,
ಉಂಗುರದೊಳಗೆ ತೂರಿ ಹೊರಬರುವಂಥ ಶಾಲು;
ಪಟ್ಟಿಯನ್ನೂ ಕುಣಿಕೆ ಎಣಿಸಿದಂತೆ ಬೆರಳಲ್ಲೇ ಎಣಿಸುತ್ತಾಳೆ.
ಮನೆವೈದ್ಯೆ, ಸರಿ.
ಔಷಧಿಯಂಗಡಿ ಮೂರು ಸಲ, ಸರಿ, ಕೆಮ್ಮಿತ್ತು.
ಬಸ್ ಪಾಸಿನವರು.
ತೆರಿಗೆಯವರು: ನೋಡಲಿ ಬಿಡು, ಏನು ಸಿಗುತ್ತೆ ಪಾಪ.
ಏಳನೆಯ ಸಾಲಿನಲ್ಲಿ ಬೆರಳು ನಿಂತಿತು.
ಜನವರಿ ಹದಿನಾಲ್ಕು, ರಾತ್ರಿ ಎರಡು ಗಂಟೆ ಹತ್ತು ನಿಮಿಷ,
ಆಸ್ಪತ್ರೆ, ಒಂದು ಹೆಸರು: ಕೆರ್ತು ಲೈದ್ವೇ.
ಆ ರಾತ್ರಿ ನಾನು ಮಲಗಿದ್ದೆ, ಎಂದಳು ವಿರ್ವೆ,
ನನ್ನ ಹಾಸಿಗೆಯಲ್ಲಿ.

ಅವಳಪ್ಪನಿಗೂ ಒಂದು ಕಡತವಿತ್ತು,
ಆ ಕಾಲದ್ದು.
ದೇಶ ಬಿಡುಗಡೆಯಾದ ಮೇಲೆ ತಾಲಿನ್ನಿಗೆ ಹೋಗಿ
ಒಂದು ಮಧ್ಯಾಹ್ನ ಕೂತು ಓದಿದಳಂತೆ.
ಯಾವ ಭಾನುವಾರ ಯಾರ ಮನೆಯಲ್ಲಿ ಏನು ತಿಂದ
ಎಲ್ಲ ಇತ್ತು, ಹೊಗೆ ಹಾಕಿದ ಮೀನಿನ ಸಮೇತ.
ನೋಡಿದವನ ಹೆಸರಿನ ಜಾಗದಲ್ಲಿ ಮಾತ್ರ
ಬಡಗಿ, ಅಂತ.
ಊರಲ್ಲಿ ಐವರು ಬಡಗಿಗಳಿದ್ದರು.
ಐವರನ್ನೂ ಅನುಮಾನಿಸಿದಳು.
ಒಬ್ಬ ಅವಳ ಮದುವೆಗೆ ಮೇಜು ಮಾಡಿಕೊಟ್ಟವನು.
ಆಮೇಲೆ ಆ ಮೇಜಿನಲ್ಲಿ ಅವಳು ಊಟಕ್ಕೆ ಕೂತಿಲ್ಲ.
ಅಡ್ಡಹೆಸರಿಗೂ ಕಸುಬಿಗೂ
ಸಂಬಂಧವೇ ಇರಲಿಲ್ಲವೇನೋ,
ಯಾರಿಗೆ ಗೊತ್ತು.

ಯಾಕೆ ನೋಡಿದಿರಿ, ಎಂದು ಕೇಳು, ಎಂದಳು.
ಬೆರಳಚ್ಚಿಸಿದೆ.
ದಯವಿಟ್ಟು ಅಂತ ಹಾಕಲೇ?
ಬೇಡ.

ಹತ್ತೊಂಬತ್ತನೆಯ ದಿನ ಉತ್ತರ ಬಂತು.
ರಾತ್ರಿಪಾಳಿಯ ದಾದಿ, ಇಪ್ಪತ್ತನಾಲ್ಕು ವಯಸ್ಸು,
ವಿರ್ವೆಯ ಕಟ್ಟಡದಲ್ಲೇ ಒಂದು ಮಹಡಿ ಮೇಲೆ ಮನೆ.
ಕೆಳಗಿನ ಅಜ್ಜಿಯ ಅಡುಗೆಮನೆ ಕಿಟಕಿಯಲ್ಲಿ
ಮೂರು ದಿನ ದೀಪ ಕಾಣಲಿಲ್ಲ.
ಯಾವ ವಾರ್ಡಿಗಾದರೂ ಸೇರಿದ್ದಾರೋ,
ಇಲ್ಲ, ಇನ್ನೇನಾದರೂ ಆಯಿತೋ, ಎಂದು ತೆರೆದೆ.
ತೆರೆಯಬಾರದಿತ್ತು. ತಪ್ಪಾಯಿತು.
ಕೆಳಗೆ ಆಸ್ಪತ್ರೆಯ ಎರಡು ಸಾಲು:
ಲಿಖಿತ ಎಚ್ಚರಿಕೆ ಕೊಡಲಾಗಿದೆ.
ತಾವು ದೂರು ಮುಂದುವರಿಸುವಿರಾ?

ಬಲ್ಬು ಹೋಗಿತ್ತು, ಎಂದಳು ವಿರ್ವೆ.
ಎಷ್ಟೋ ಹೊತ್ತು ಅಷ್ಟೇ ಅಂದಳು.
ಕೈಗವಸು ಹಾಕಿಕೊಂಡಳು, ಮತ್ತೆ ಬಿಚ್ಚಿದಳು.

ಬರೆ:
ದೂರು ಬೇಡ.
ಎಚ್ಚರಿಕೆ ಹಾಗೇ ಇರಲಿ.
ಆ ಹುಡುಗಿಗೆ ಹೇಳಿ,
ನಾನು ಬದುಕಿದ್ದೇನೋ ಇಲ್ಲವೋ
ನನ್ನ ಕಡತಕ್ಕೆ ತಿಳಿಯುವುದು ತಡವಾಗಿ.
ನಮ್ಮ ನಡುವೆ ಇರುವುದು ಹದಿನೆಂಟು ಮೆಟ್ಟಿಲು.
ನನಗೊಂದು ಕದವಿದೆ.
ಬಡಿಯಲಿ.

ಕಳಿಸಬೇಕಾದರೆ ಎರಡನೆಯ ಗುಟ್ಟಿನ ಅಂಕಿ, ಸಹಿಯದ್ದು.
ನಾನು ಕಿಟಕಿಗೆ ತಿರುಗಿದೆ.

ಒಂದು ಮಾತು ಅವಳಿಗೆ ಹೇಳಿಲ್ಲ.
ಚಳಿಗಾಲದ ನಾಲ್ಕು ಗಂಟೆಗೆ ಹೊರಗೆಲ್ಲ ಕತ್ತಲು,
ಗಾಜು ಕನ್ನಡಿಯಾಗುತ್ತದೆ;
ಕೊಲ್ಲಿಯಲ್ಲ, ಕೀಲಿಮಣೆ ಕಾಣುತ್ತದೆ,
ಅದರ ಮೇಲೆ ಅವಳ ಬೆರಳು, ಒಂದೊಂದಾಗಿ.
ಆದ್ದರಿಂದ ತಿರುಗಿದ ಮೇಲೆ
ಕಣ್ಣನ್ನೂ ಮುಚ್ಚುತ್ತೇನೆ.
ಅದು ಯಾವ ಪಟ್ಟಿಯಲ್ಲೂ
ದಾಖಲಾಗುವುದಿಲ್ಲ.