ಹಿಂದೆ ಬರುವ ಗಾಡಿ

ಮೊದಲು ಅಚ್ಚು ಸಿಕ್ಕಿತು.
ಬೂದಾಳ್ ರಸ್ತೆಯ ಗುಜರಿಯಲ್ಲಿ,
ಸತ್ತ ಮಾರುತಿಯೊಂದರ ಹೊಟ್ಟೆಯಡಿ.
ಕೆಜಿ ಲೆಕ್ಕದಲ್ಲಿ ಕೊಟ್ಟರು, ಗಾಲಿ ಬೇರೆ, ನಟ್ಟು ಬೇರೆ.
ತಳಕ್ಕೆ ಮುಚ್ಚಿದ ಹತ್ತಿ ಗಿರಣಿಯ ತಗಡು:
ಹಸಿರು ಬಣ್ಣದಲ್ಲಿ ಅರ್ಧ ಅಕ್ಷರ ಉಳಿದಿತ್ತು.
ಉಜ್ಜಲು ಹೋದೆ. ‘ಇರಲಿ ಕೊಟ್ರಣ್ಣ’ ಅಂದಳು ಮುಬೀನ.

ಸೀಟು ಕಿತ್ತು ಕಬ್ಬಿಣದ ಪಂಜರ ಕೂರಿಸಿದ ಕಾರು ಅವಳದು,
ಟೈರು ತೂರುವುದಿಲ್ಲ.
ನಾಲ್ಕು ಟೈರು, ಜಾಕು, ಪಾನಾ ಪೆಟ್ಟಿಗೆ, ಬುತ್ತಿ
ಎಲ್ಲಿಡೋದು?
ದುಡ್ಡಿದ್ದವರ ಕಾರು ಲಾರಿ ಮೇಲೆ ಮಲಗಿ ಬರುತ್ತವೆ.
ನಮ್ಮದು ನಡಕೊಂಡೇ ಹೋಗಬೇಕು
ಓಡುವ ಊರಿಗೆ.

ಪರೀಕ್ಷೆಗೆ ಭಾರ ಬೇಕಿತ್ತು.
ಅವಳಪ್ಪ ದಾದಾಪೀರಣ್ಣನ ಭಟ್ಟಿಯಿಂದ
ಹತ್ತು ಚೀಲ ಮಂಡಕ್ಕಿ ಹೇರಿದೆವು. ಗಾಡಿ ಆಳೆತ್ತರ ಆಯಿತು,
ಸ್ಪ್ರಿಂಗು ಕೂದಲೆಳೆಯಷ್ಟೂ ಕುಗ್ಗಲಿಲ್ಲ.
ದಾದಾಪೀರಣ್ಣ ಬೀಡಿ ಆರುವಷ್ಟು ನಕ್ಕ:
‘ಮೂವತ್ತು ವರ್ಷ ಇದನ್ನೇ ಮಾರೀನಪ್ಪ, ತೂಕ ಇಲ್ಲದ್ದನ್ನ!’
ಆಮೇಲೆ ಮಂಡಕ್ಕಿ ಹುರಿಯುವ ಮರಳು ತುಂಬಿದೆವು.
ಕೂತಿತು.

ಬೈಪಾಸಿನಲ್ಲಿ ಅರವತ್ತಕ್ಕೇ
ಎಮ್ಮೆ ನೊಣ ಹೊಡೆದಂತೆ ಬೀಸತೊಡಗಿತು ಬಾಲ.
ಪಕ್ಕದಲ್ಲಿದ್ದೆ ನಾನು.
ಮಣ್ಣ ತಿರುವಿನಲ್ಲಿ ನೂರು ದಾಟಿಸಿ
ಕಾರಿನ ಬೆನ್ನು ಜಾರಿಸುವ ಹುಡುಗಿ
ಹಣೆಯೆಲ್ಲ ಬೆವರು.
‘ಅಲ್ಲಿ ನಾನು ಜಾರಿಸ್ತೀನಿ. ಇಲ್ಲಿ ಇದು ತಾನೇ ಜಾರ್ತದೆ.’

ಹಿಂದಿನ ಭಾರ ಮುಂದಕ್ಕೆ ಸರಿಸಿದೆವು.
ನೂರಕ್ಕೆ ಹತ್ತು ಪಾಲು ಕೊಕ್ಕೆಯ ಮೇಲೆ ಕೂರಬೇಕು,
ಇಲ್ಲವಾದರೆ ಹಿಂದಿನದು ಮುಂದಿನದನ್ನು ಆಡಿಸುತ್ತದೆ.
ಗಾಡಿಯ ಮೂತಿಯನ್ನು ಭಟ್ಟಿಯ ತಕ್ಕಡಿಗಿಟ್ಟು ತೂಗಿದೆವು:
ಹದಿನೆಂಟು ಕೆಜಿ, ಸರಿಯಾಗಿ.
ದಾದಾಪೀರಣ್ಣ ಅಭ್ಯಾಸಬಲದಿಂದ
ಒಂದು ಹಿಡಿ ಮರಳು ಕೊಸರು ಹಾಕಿದ.

ಹೆಬ್ಬಾಳು ಟೋಲಿನಲ್ಲಿ ನಿಲ್ಲಿಸಿದರು. ‘ಇದಕ್ಕೆ ನಂಬರು?’
ತೋರಿಸಿದೆ. ಅದೇ ಕೆಎ ಹದಿನೇಳು, ನನ್ನದೇ ಕೈಬರಹ,
ಏಳರ ಬಾಲ ಸ್ವಲ್ಪ ಉದ್ದ.

ಗಾಳಿಗಿರಣಿಗಳ ಕೆಳಗಿನ ಬಯಲು. ಕೊಕ್ಕೆ ಬಿಚ್ಚಿದೆ.
ಕಾರಿನ ಹಿಂಭಾಗ ಒಂದು ಬೆರಳು ಮೇಲೆದ್ದಿತು,
ಕೊಡ ಇಳಿಸಿದ ಸೊಂಟದ ಹಾಗೆ.
ಆಮೇಲೆ ಬರೀ ಧೂಳು, ಧೂಳಿನೊಳಗೆ ಸದ್ದು.
ಇಟ್ಟಿಗೆಯ ಮೇಲೆ ಮೂತಿಯಿಟ್ಟ ಗಾಡಿಯ ಅಂಚಿಗೆ ಕೂತು
ಎಲ್ಲಿ ಗೇರು ಬದಲಾಯಿತು, ಎಲ್ಲಿ ತಡವಾಯಿತು,
ಕಿವಿಯಲ್ಲೇ ನೋಡಿದೆ.

ಹನ್ನೊಂದನೆಯವಳಾಗಿ ಬಂದಳು.
ಒಂದು ಟೈರು ಚಿಂದಿ. ಬುತ್ತಿ ಡಬ್ಬಿ ಖಾಲಿ.
ಭಾರದ ಲೆಕ್ಕ ಮತ್ತೆ ಮೊದಲಿಂದ.

ಬರುವಾಗ ಐವತ್ತು ದಾಟಲಿಲ್ಲ.
ಈರುಳ್ಳಿ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು.
ಕ್ಲೀನರ್ ಹುಡುಗ ಕಾರಿನ ಬಾಗಿಲ ಅಂಕೆ ನೋಡಿದ,
ಗಾಡಿ ನೋಡಿದ, ಕಾರು ನೋಡಿದ.
ಅವಳು ಕೈ ಬೀಸಿದಳು.
ಭರಮಸಾಗರ ದಾಟುವಾಗ ಕತ್ತಲಾಯಿತು.
ಹಿಂದೆ, ಹಳೇ ಲೂನಾದಿಂದ ಕಿತ್ತು ಕೂರಿಸಿದ ದೀಪ
ಹೊತ್ತಿಕೊಂಡಿತು,
ಎಡಗಡೆಯದು ಮಾತ್ರ.